ಊರ ಕೋಳಿ: ಕೊಯ್ದ ಮೇಲಿನ ಎರಡು ಗಂಟೆ

ಮನೆಯಂಗಳದಲ್ಲಿ ಸಾಕಿದ ಊರ ಕೋಳಿಯ ಸಾರು, ಜೊತೆಗೆ ರೊಟ್ಟಿ ಎಂದರೆ ಶಂಕರಪುರ, ಕಾಪು, ಶಿರ್ವ ಕಡೆಯವರಿಗೆ ಬಾಯಲ್ಲಿ ನೀರೂರುತ್ತದೆ. "ನಾವೇ ಸಾಕಿದ್ದು, ಇದರಿಂದ ಏನೂ ಆಗದು" ಎಂಬ ನಂಬಿಕೆಯೂ ಇದೆ. ಆದರೆ ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಶುಚಿ ಮಾಡುವಾಗ ಕರುಳು ಹರಿದರೆ ಅವು ಮಾಂಸಕ್ಕೆ ತಗಲುತ್ತವೆ.

ಅಂಗಡಿಯಿಂದ ತಂದ ಕೋಳಿ ಹೆಚ್ಚಾಗಿ ಕೂಡಲೇ ಒಲೆಗೇರುತ್ತದೆ. ಮನೆಯ ಕೋಳಿಯನ್ನು ನೆಂಟರು ಬರುವ ಹಿಂದಿನ ಸಂಜೆಯೇ ಕೊಯ್ದು, ಪುಕ್ಕ ಕಿತ್ತು, ಅರಸಿನ ಸವರಿ ಮುಚ್ಚಿಡುವುದುಂಟು. ದೈವಕ್ಕೆ ಒಪ್ಪಿಸಿದ ಕೋಳಿ ಮನೆ ಸೇರುವಾಗಲೂ ಹಲವು ಗಂಟೆ ಕಳೆದಿರಬಹುದು. ಅಪಾಯವಿರುವುದು ಈ ಕಾಯುವ ಹೊತ್ತಿನಲ್ಲಿ.

ಗಂಟೆಯ ಲೆಕ್ಕ

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಅನುಕೂಲ ಸಿಕ್ಕಿದರೆ ಹಲವು ಬಗೆಯವು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ 100 ಇದ್ದದ್ದು ಮೂರು ಗಂಟೆಯಲ್ಲಿ 50,000 ದಾಟುತ್ತದೆ. ಆದ್ದರಿಂದ ಹಸಿ ಮಾಂಸ ಹೊರಗಿರಬಹುದಾದದ್ದು ಹೆಚ್ಚೆಂದರೆ ಎರಡು ಗಂಟೆ. ಬೇಸಿಗೆಯಲ್ಲಿ 32 ಡಿಗ್ರಿ ಮೀರಿದರೆ ಒಂದೇ ಗಂಟೆ. ಮಲ್ಲಿಗೆ ಮೊಗ್ಗನ್ನು ಹೊತ್ತಿಗೆ ಸರಿಯಾಗಿ ಕೊಯ್ದು, ಕಟ್ಟಿ, ಮಾರುಕಟ್ಟೆಗೆ ಮುಟ್ಟಿಸುವ ಶಂಕರಪುರದವರಿಗೆ ಗಂಟೆಯ ಬೆಲೆ ಹೇಳಿಕೊಡಬೇಕಾಗಿಲ್ಲ.

ಅರಸಿನ, ಉಪ್ಪು ಸವರಿದರೆ ತಂಪು ಬೇಡವೆಂದಲ್ಲ. "ಹೇಗೂ ಬೇಯಿಸುತ್ತೇವಲ್ಲ" ಎನ್ನುವುದೂ ಪೂರ್ತಿ ಸರಿಯಲ್ಲ. ಚೆನ್ನಾಗಿ ಬೆಂದರೆ ರೋಗಾಣುಗಳು ಸಾಯುತ್ತವೆ. ಆದರೆ ಕೈಯ ಗಾಯ, ಕುರುಗಳಿಂದ ಸೇರುವ ಸ್ಟೆಫೈಲೋಕಾಕಸ್ ಬೆಳೆದು ವಿಷ ಬಿಟ್ಟಿದ್ದರೆ, ಆ ವಿಷ ಕುದಿಸಿದರೂ ಹೋಗದು.

ಇಡುವ ಕ್ರಮ

ಕೋಳಿಯನ್ನು ಹೊರಗಡೆಯೇ ಶುಚಿ ಮಾಡಿ ತೊಳೆಯಿರಿ. ಅಡುಗೆ ಮನೆಯ ನಲ್ಲಿಯ ಕೆಳಗೆ ಮತ್ತೆ ತೊಳೆದರೆ ಹನಿಗಳು ಸಿಡಿದು ಪಾತ್ರೆ, ತರಕಾರಿಗಳಿಗೆ ರೋಗಾಣು ಅಂಟುತ್ತದೆ. ಬಿಸಿ ಮಾಂಸವನ್ನು ರಾಶಿ ಹಾಕಿದರೆ ನಡುವಿನ ಭಾಗ ತಣಿಯಲು ತಡವಾಗುತ್ತದೆ. ತುಂಡು ಮಾಡಿ, ಅಗಲ ಪಾತ್ರೆಯಲ್ಲಿ ತೆಳ್ಳಗೆ ಹರಡಿ, ಮುಚ್ಚಿ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡಿ. ಮೇಲಿಟ್ಟರೆ ಅದರ ನೀರು ಮೊಸರು, ಹಣ್ಣುಗಳ ಮೇಲೆ ತೊಟ್ಟಿಕ್ಕಬಹುದು.

ಫ್ರಿಜ್ಜಿನ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಅಲ್ಲಿ ಮಾಂಸವನ್ನು ಒಂದೆರಡು ದಿನ ಇಡಬಹುದು. ಕೊಯ್ದ ಮೇಲೆ ಸೆಟೆದುಕೊಳ್ಳುವ ಸ್ನಾಯು ಒಂದು ರಾತ್ರಿ ತಂಪಿನಲ್ಲಿದ್ದರೆ ಸಡಿಲಾಗುವುದರಿಂದ ಮಾಂಸವೂ ಮೃದುವಾಗುತ್ತದೆ. ಇನ್ನೂ ಹೆಚ್ಚು ದಿನ ಇಡುವುದಾದರೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ್ದನ್ನು ಹಿಂದಿನ ರಾತ್ರಿಯೇ ಕೆಳಗಿನ ಅಂತಸ್ತಿಗಿಳಿಸಿ ಕರಗಿಸಿ, ಕಟ್ಟೆಯ ಮೇಲಿಡಬೇಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಕಾಯ್ದುಕೊಳ್ಳುತ್ತದೆ.

ಫ್ರಿಜ್ಜು ಇಲ್ಲದವರಿಗೆ ಹಳೆಯ ಕ್ರಮವೇ ಉತ್ತಮ: ಒಲೆ ಹಚ್ಚುವ ಹೊತ್ತಿಗಷ್ಟೇ ಕೊಯ್ಯುವುದು. ಗೂಡಿನಲ್ಲಿರುವ ಕೋಳಿ ಕೆಡುವುದಿಲ್ಲ. ಆದರೆ ಕಾಯಿಲೆ ಬಿದ್ದ ಅಥವಾ ತಾನಾಗಿ ಸತ್ತ ಕೋಳಿಯನ್ನು ಮಾತ್ರ ತಿನ್ನಬೇಡಿ. ಒಂದರ ಹಿಂದೊಂದು ಸಾಯತೊಡಗಿದರೆ ಪಶು ಆಸ್ಪತ್ರೆಗೆ ತಿಳಿಸಿ.

ವೈದ್ಯರ ಬಳಿಗೆ ಯಾವಾಗ?

ವಾಂತಿ, ಭೇದಿಯಾದರೆ ಮೊದಲು ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಹಸುಳೆ, ಗರ್ಭಿಣಿ, ವೃದ್ಧರು, ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಕಾದು ನೋಡುವುದೇ ಬೇಡ. ಕ್ಯಾಂಪಿಲೋಬ್ಯಾಕ್ಟರ್ ಸೋಂಕಿನ ನಂತರ ಅಪರೂಪಕ್ಕೆ ಗಿಲನ್-ಬಾರೆ ಎಂಬ ನರರೋಗ ಬರುವುದುಂಟು. ಭೇದಿ ನಿಂತು ಕೆಲವು ದಿನ ಅಥವಾ ವಾರಗಳ ಮೇಲೆ ಕಾಲುಗಳ ಬಲ ಕುಂದಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ಕೋಳಿ ಕೊಯ್ಯುವ ಮೊದಲು, ಅದು ಒಲೆಗೆ ಅಥವಾ ತಂಪಿಗೆ ಎಷ್ಟು ಹೊತ್ತಿಗೆ ಸೇರುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ.