ಹತ್ತು ವರ್ಷದ ಮೇಲೆ ಮನೆಗೆ ಬರುವವರಿಗೆ ಎಂಟು ಸೂತ್ರ

ನಾನು ದೋಹಾಕ್ಕೆ ಹೊರಟಿದ್ದು 2013ರ ಅಕ್ಟೋಬರ್‌ನಲ್ಲಿ. ಆಗ ಬೆಂಗಳೂರಿನ ನಮ್ಮ ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಕಂಬಗಳು ನಿಂತಿದ್ದವು, ರೈಲು ಓಡಿರಲಿಲ್ಲ. ಸಾಲ, ತಂಗಿ ಮದುವೆ ಖರ್ಚು, ಕಂಪನಿ ಬದಲಾವಣೆ, ಆಮೇಲೆ ಕೊರೊನಾ ಅಂತ ಮುಂದೂಡುತ್ತಾ ಹೋಗಿ, ಮನೆ ಹೊಸಿಲು ತುಳಿದದ್ದು 2024ರ ಜನವರಿಯಲ್ಲಿ. ಸಿಕ್ಕ ರಜೆ 24 ದಿನ. ಮೊದಲ ವಾರವನ್ನು ಹಾಳು ಮಾಡಿಕೊಂಡೆ. ಪೀಣ್ಯದ ಶೆಡ್ಡುಗಳಲ್ಲಿ ಲೇತು, ಸಿಎನ್‌ಸಿ ಕಲಿತು ಹೊರದೇಶಕ್ಕೆ ಹೋದ ನನ್ನಂಥವರಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಹೋಗುವ ದಿನವನ್ನು ಬಂದ ದಿನವೇ ಹೇಳಿಬಿಡಿ. ಬೀದಿಯಲ್ಲಿ ಎದುರಾದವರು ಕೇಳುವುದು ಎರಡೇ ಪ್ರಶ್ನೆ: ‘ಯಾವಾಗ ಬಂದೆ? ಯಾವಾಗ ವಾಪಸ್ಸು?’ ಎರಡನೆಯದರ ಉತ್ತರ ಅಮ್ಮನಿಗೆ ಪಕ್ಕದ ಮನೆಯವರಿಂದ ತಿಳಿಯಬಾರದು. ನಮ್ಮಮ್ಮನಿಗೆ ಹಾಗೇ ತಿಳಿಯಿತು. ಅವಳು ಏನೂ ಅನ್ನಲಿಲ್ಲ, ರಾತ್ರಿ ಊಟ ಬಿಟ್ಟಳು.

2. ದಾರಿ ನನಗೆ ಗೊತ್ತು ಅನ್ನಬೇಡಿ. ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬರುತ್ತಿವೆ, ಕರೆದುಕೊಂಡು ಹೋಗಲು ಬರುವವರಿಗೆ ಮೊದಲೇ ತಿಳಿಸಿ. ಹೆಬ್ಬಾಳ, ಬಿಇಎಲ್ ಸರ್ಕಲ್ ದಾಟಿ ರಿಂಗ್ ರೋಡು ತುಮಕೂರು ರಸ್ತೆಗೆ ಬಂದು ಕೂಡುವ ನಮ್ಮ ಜಂಕ್ಷನ್‌ನಲ್ಲಿ ನಾನು ಇಳಿದಾಗ, ಮೇಲ್ಸೇತುವೆಯ ಮೇಲೆ ಲಾರಿ ಬಸ್ಸು ಬಿಡುತ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಬಲ್ ಕೆಟ್ಟು ನಿಲ್ಲಿಸಿದ್ದನ್ನು ಮತ್ತೆ ಬಿಟ್ಟದ್ದು 2024ರ ಜುಲೈನಲ್ಲಿ. ಆ ಭಾರವೆಲ್ಲ ಕೆಳಗಿನ ರಸ್ತೆಯಲ್ಲಿತ್ತು. ನಾನು ಹುಟ್ಟಿ ಬೆಳೆದ ಜಾಗದಲ್ಲಿ ಅಮ್ಮ ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು.

3. ದುಡ್ಡಿನ ವ್ಯವಸ್ಥೆ ಹೊರಡುವ ಮುಂಚೆ ಮಾಡಿಕೊಳ್ಳಿ. ನನ್ನ ಪಾಸ್‌ಪೋರ್ಟ್ ಕವರಿನಲ್ಲಿ ಎರಡು ಹಳೇ ಐನೂರರ ನೋಟು ಹಾಗೇ ಮಡಿಸಿಕೊಂಡಿದ್ದವು. 2016ರ ನವೆಂಬರ್‌ನಲ್ಲಿ ಅವು ಸತ್ತಿದ್ದವು. ಈಗ ಹೂವಿನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್ ಇದೆ. ಊರಲ್ಲಿದ್ದಾಗ ತೆರೆದ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸುವುದು ನಿಯಮ. ಕತಾರ್ ಸೇರಿದಂತೆ ಕೆಲವು ದೇಶಗಳ ಫೋನ್ ನಂಬರಿಗೇ ಆ ಖಾತೆ ಜೋಡಿಸಿ ಯುಪಿಐ ನಡೆಸಬಹುದು, ನಿಮ್ಮ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

4. ಸೂಟ್‌ಕೇಸನ್ನು ನೆಂಟರೆದುರು ತೆರೆಯಬೇಡಿ. ಯಾರಿಗೆ ಯಾವುದೆಂದು ಅಮ್ಮನೇ ಹಂಚಲಿ. ಹತ್ತು ವರ್ಷದಲ್ಲಿ ಯಾರು ಕಷ್ಟಕ್ಕಾದರು ಅನ್ನುವ ಲೆಕ್ಕ ಅವಳ ಹತ್ತಿರ ಇದೆ.

5. ಮನೆಗೆಲಸಕ್ಕೆ ಕೂರಿ. ಎಂಟೂ ಸೂತ್ರದಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ಮೊದಲ ವಾರ ನಾನು ಗೆಳೆಯರು, ಹೋಟೆಲು ಅಂತ ಸುತ್ತಿದೆ, ಮನೆಯಲ್ಲಿ ಅತಿಥಿಯಂತೆ ಕುರ್ಚಿ ಮೇಲೆ ಕೂತು ತಿಂಡಿ ತಿಂದೆ. ‘ಹೇಗಿದ್ದೀಯಮ್ಮ?’ ಅಂದರೆ ‘ನಂಗೇನಾಗಿದೆ’ ಅಂದುಬಿಡುತ್ತಿದ್ದಳು.

ಒಂಬತ್ತನೇ ದಿನ ಅವರೆಕಾಳು ಹಿತುಕಲು ಅವಳೆದುರು ನೆಲದ ಮೇಲೆ ಕೂತೆ. ಸುಗ್ಗಿ ಕಾಲ, ಇಡೀ ಬೆಂಗಳೂರಲ್ಲೇ ಅವರೆಕಾಯಿ ಘಮ. ರಾತ್ರಿ ನೆನೆಹಾಕಿದ ಕಾಳು ಉಬ್ಬಿ ನುಣ್ಣಗಾಗಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಪುಟ್ಟಂತ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಎರಡು ಸೇರು ಕಾಳು ಮುಗಿಯುವುದಕ್ಕೆ ಒಂದೂವರೆ ಗಂಟೆ ಬೇಕು. ಮುಖ ನೋಡಿಕೊಂಡು ಆಡಲಾಗದ ಮಾತು ಕೈಗೆ ಕೆಲಸವಿದ್ದಾಗ ತಾನಾಗಿ ಬರುತ್ತದೆ. ತಂಗಿ ಮನೆಯ ತೊಂದರೆ ಬಂತು, ತೀರಿಸಿದ ಚೀಟಿ ಬಂತು.

ನಡುವೆ ಅವಳ ಪಾತ್ರೆಗೆ ಕಣ್ಣು ಹೋಯಿತು. ಬೇಳೆಯ ಜೊತೆ ಸಿಪ್ಪೆ ಬಿದ್ದಿತ್ತು, ಹಿತುಕದ ಕಾಳೂ ಇತ್ತು. ಅಕ್ಕಿಯಲ್ಲಿ ಒಂದು ಕಲ್ಲು ಬಿಡದ ಹೆಂಗಸು ಅವಳು. ನಾನು ನೋಡಿದ್ದು ಅವಳಿಗೆ ತಿಳಿಯಿತು. ‘ಕಣ್ಣು ಮಂಜಾಗಿ ಎರಡು ವರ್ಷ ಆಯ್ತು ಕಣೋ. ಫೋನಲ್ಲಿ ಹೇಳಿದ್ರೆ ನೀನು ಅಲ್ಲಿ ಒದ್ದಾಡ್ತೀಯ.’ ವಾರಕ್ಕೆ ಮೂರು ಸಲ ವಿಡಿಯೊ ಕಾಲ್ ಮಾಡುತ್ತಿದ್ದೆ. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

6. ಆಸ್ಪತ್ರೆ ಕೆಲಸ ಮೊದಲ ವಾರದಲ್ಲೇ ಮುಗಿಸಿ. ಕಣ್ಣಿನ ಪೊರೆ ಆಪರೇಷನ್ನಿಗೆ ಹೋದವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಬರುತ್ತಾರೆ, ಆದರೆ ಹನಿ ಔಷಧ ನಾಲ್ಕೈದು ವಾರ ಹಾಕಬೇಕು. ನನಗೆ ತಿಳಿದದ್ದೇ ತಡವಾಗಿ, ಆಪರೇಷನ್ ಆದದ್ದು ಹದಿನೈದನೇ ದಿನ. ಒಂಬತ್ತು ದಿನ ನಾನು ಹನಿ ಹಾಕಿದೆ, ಉಳಿದದ್ದು ತಂಗಿಯ ಪಾಲಾಯಿತು. ಮಾತ್ರೆ ಚೀಟಿ, ವಿಮೆ ಕಾಗದ, ಮನೆ ಪತ್ರಗಳ ಫೋಟೊ ತೆಗೆದಿಟ್ಟುಕೊಳ್ಳಿ.

7. ಸಾವಾದ ಮನೆಗೆ ತಪ್ಪದೆ ಹೋಗಿ. ಎಷ್ಟು ವರ್ಷವಾಗಿದ್ದರೂ ಹೋಗಿ. ಶಿರಾ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪ ತೀರಿಕೊಂಡದ್ದು 2020ರ ಮೇನಲ್ಲಿ, ಮಾರ್ಚ್‌ನಲ್ಲಿ ನಿಂತ ವಿದೇಶದ ಮಾಮೂಲಿ ವಿಮಾನಗಳು ಇನ್ನೂ ಶುರುವಾಗಿರಲಿಲ್ಲ. ಆಪರೇಷನ್ನಿಗೆ ಮೊದಲು ಅಮ್ಮನ ಜೊತೆ ಹೊರಟೆ. ತುಮಕೂರು ಕಡೆಯ ಬಸ್ಸು ನಮ್ಮ ಗೊರಗುಂಟೆಪಾಳ್ಯದಲ್ಲೇ ಸಿಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಅಮ್ಮ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವುದನ್ನು ಕಲಿತಿದ್ದಳು. ‘ನಿನಗೆ ಮಾತ್ರ ದುಡ್ಡು’ ಅಂತ ಖುಷಿಯಿಂದ ಹೇಳಿದಳು. ದೊಡ್ಡಮ್ಮ ನನ್ನ ಕೈ ಹಿಡಿದು, ಆವತ್ತು ಮಣ್ಣಿಗೆ ನಾಲ್ಕೇ ಜನ ಇದ್ದರು ಅಂತ ಒಬ್ಬೊಬ್ಬರ ಹೆಸರೂ ಹೇಳಿದಳು. ಸುಮ್ಮನೆ ಕೇಳಿ, ಸಮಾಧಾನದ ಮಾತಿಗೆ ಅವಸರ ಬೇಡ. ಎದ್ದು ಬರುವಾಗ ‘ಹೋಗಿ ಬರ್ತೀನಿ’ ಅನ್ನಬೇಡಿ, ಅದು ನಮ್ಮ ಕಡೆ ಸಲ್ಲದು.

8. ಮತ್ತೆ ಬರುವ ತಾರೀಕನ್ನು ಕೊಡಿ. ಹುಳಿಪುಡಿ, ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಉಪ್ಪಿನಕಾಯಿ ತೆಗೆಸಿಬಿಡಬಹುದು. ಆದರೆ ‘ಬರ್ತೀನಮ್ಮ, ನೋಡೋಣ’ ಅಂತ ಹೊರಡಬೇಡಿ. ನಾನು ಮಾರ್ಚ್‌ನಲ್ಲೇ ದೋಹಾದಿಂದ ಮುಂದಿನ ಜನವರಿಯ ಟಿಕೆಟ್ ಮಾಡಿಸಿ ವಿಡಿಯೊ ಕಾಲ್‌ನಲ್ಲಿ ದಿನ ಹೇಳಿದೆ. ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲವಲ್ಲ, ಅಮ್ಮ ಅಡುಗೆಮನೆ ಗೋಡೆ ಮೇಲೆ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕುಗಳ ಕೆಳಗೆ, ಪೆನ್ಸಿಲಿನಲ್ಲಿ ಬರೆದುಕೊಂಡಳಂತೆ. ಓದಿ ಹೇಳು ಅಂದೆ. ಕನ್ನಡಕ ಇಲ್ಲದೆ ಓದಿದಳು.