ನೆರೆಧ್ವನಿಯ ಪ್ರಭಾವ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಮಾತಿನಲ್ಲಿ

ಧ್ವನಿಯೊಂದರ ಉಚ್ಚಾರಣೆ ಅದರ ನೆರೆಯ ಧ್ವನಿಗಳನ್ನು ಅವಲಂಬಿಸುತ್ತದೆ ಎಂಬುದಕ್ಕೆ ಊರ ಹೆಸರುಗಳೇ ಸಾಕ್ಷಿ. ಬೆಳ್ತಂಗಡಿಯ ಸೊನ್ನೆ ‘ಙ್’ ಆಗಿ, ಪುಂಜಾಲಕಟ್ಟೆಯದು ‘ಞ್’ ಆಗಿ, ಬಂಟ್ವಾಳದ್ದು ‘ಣ್’ ಆಗಿ, ಬಂದಾರಿನದು ‘ನ್’ ಆಗಿ ನುಡಿಯುತ್ತದೆ. ಬರಹದ ಒಂದೇ ಬಿಂದು ಈ ಭೇದವನ್ನು ಮರೆಮಾಡಿದೆ. ಇಂಗ್ಲಿಷಿನ ‘ಟೆನ್ ಪೆನ್ಸ್’ ಎಂಬುದು ವೇಗದ ಮಾತಿನಲ್ಲಿ ‘ಟೆಮ್ ಪೆನ್ಸ್’ ಎಂದು ಕೇಳಿಸುವುದೂ ಇದೇ ಬಗೆಯದು.

ಇದಕ್ಕಿಂತ ಕುತೂಹಲಕರವಾದುದು ಸ್ವರಗಳ ಮೇಲಿನ ಪ್ರಭಾವ. ಕನ್ನಡದ ಬೆಳ್ಳಿ, ಹೆಣ್ಣು, ಬಿಡು, ಬಿಳಿ ಎಂಬವುಗಳಿಗೆ ಪ್ರತಿಯಾಗಿ ತುಳುವಿನಲ್ಲಿ ಬೊಳ್ಳಿ, ಪೊಣ್ಣು, ಬುಡು, ಬೊಳ್ದು ಎಂಬ ರೂಪಗಳಿವೆ. ಎಡಗಡೆ ಓಷ್ಠ್ಯ, ಬಲಗಡೆ ಮೂರ್ಧನ್ಯ. ಇವೆರಡರ ನಡುವೆ ಸಿಕ್ಕಿದ ‘ಇ’, ‘ಎ’ಗಳು ದುಂಡಾಗಿ ‘ಉ’, ‘ಒ’ ಆಗಿವೆ. ಎರಡರಲ್ಲಿ ಒಂದಿದ್ದರೆ ಸಾಲದು. ‘ಪೆತ್ತ’ದಲ್ಲಿ (ಹಸು) ಓಷ್ಠ್ಯವಿದ್ದರೂ ಮುಂದಿನದು ದಂತ್ಯ, ‘ಎಡ್ಡೆ’ಯಲ್ಲಿ (ಒಳ್ಳೆಯದು) ಮೂರ್ಧನ್ಯವಿದ್ದರೂ ಹಿಂದೆ ಓಷ್ಠ್ಯವಿಲ್ಲ. ಎರಡೂ ಮಾರ್ಪಡಲಿಲ್ಲ. ತುಳುವರ ಬಾಯಲ್ಲಿ ಬೆಳ್ತಂಗಡಿ ‘ಬೊಳ್ತೇರ್’ ಆಗಿ, ಮೂಡುಬಿದಿರೆ ಮಾತ್ರ ‘ಬೆದ್ರ’ ಆಗಿ ನಿಂತಿರುವುದನ್ನೂ ಈ ಬೆಳಕಿನಲ್ಲಿಯೇ ನೋಡಬೇಕು.

ಆದರೆ ಈ ಪರಿಸರದ ಸ್ಥಳನಾಮಗಳಲ್ಲಿ ಹೇರಳವಾಗಿರುವ ‘ಬೆಟ್ಟು’ ‘ಬೊಟ್ಟು’ ಆಗಿಲ್ಲ. ‘ಪೆಟ್ಟ್’ ಕೂಡ ಹಾಗೆಯೇ ಉಳಿದಿದೆ. ಆದುದರಿಂದ ಇದನ್ನು ನಿರಪವಾದ ನಿಯಮವೆನ್ನದೆ ಪ್ರಬಲ ಪ್ರವೃತ್ತಿಯೆನ್ನುವುದು ಲೇಸು. ಈ ಪ್ರವೃತ್ತಿ ತುಳುವಿಗೆ ಮೀಸಲೂ ಅಲ್ಲ. ಕೊಡವದ ‘ಪೊಣ್ಣ್’, ಆಡುತಮಿಳಿನ ‘ಪೊಣ್ಣು’ ಇದೇ ದಾರಿ ಹಿಡಿದಿವೆ. ಇಂಗ್ಲಿಷಿನಲ್ಲಿ ತುಟಿಯ ಧ್ವನಿಯಾದ ‘ವ್’ಕಾರದ ಮುಂದಿನ ಸ್ವರ ವಾಚ್, ವಾಂಟ್‌ಗಳಲ್ಲಿ ದುಂಡಾಗಿ ‘ಆ’, ‘ಒ’ಗಳ ನಡುವೆ ನಿಂತಿದ್ದರೆ, ವ್ಯಾಗನ್, ವ್ಯಾಕ್ಸ್‌ಗಳಲ್ಲಿ ಮುಂದಿನ ಕಂಠ್ಯ ವ್ಯಂಜನ ಅದನ್ನು ತಡೆದಿದೆ. ಕನ್ನಡದಲ್ಲಿ ಈ ಪದಗಳನ್ನು ಬರೆಯುವಾಗ ‘ವಾ’, ‘ವ್ಯಾ’ ಎಂದು ಬೇರ್ಪಡಿಸುವವರು ಆ ಭೇದವನ್ನು ಅರಿಯದೆಯೇ ದಾಖಲಿಸುತ್ತಿದ್ದಾರೆ.

ತುಳುವಿನ ಹಲವು ಆಡುರೂಪಗಳಲ್ಲಿ ‘ಳ’ಕಾರ ‘ಲ’ಕಾರದಲ್ಲಿ ಲೀನವಾಗಿ ‘ಬೊಲ್ಲಿ’, ‘ಬೊಲ್ದು’ ಎಂಬ ಉಚ್ಚಾರಣೆಗಳು ಬಳಕೆಯಲ್ಲಿವೆ. ಸ್ವರವನ್ನು ದುಂಡಾಗಿಸಿದ ಮೂರ್ಧನ್ಯ ಅಳಿದಿದೆ, ದುಂಡುತನ ಉಳಿದಿದೆ. ಇಂತಹ ರೂಪವನ್ನಷ್ಟೇ ಕೇಳಿದವರಿಗೆ ‘ಬೇಲೆ’ (ಕೆಲಸ) ಏಕೆ ‘ಬೋಲೆ’ ಆಗಲಿಲ್ಲವೆಂದು ವಿವರಿಸುವುದು ಅಸಾಧ್ಯ. ‘ಳ’ಕಾರವನ್ನು ಉಳಿಸಿಕೊಂಡ ಶಿವಳ್ಳಿ ತುಳುವಿನ ‘ಬೊಳ್ಳಿ’ಯನ್ನು ಪಕ್ಕದಲ್ಲಿಟ್ಟಾಗಲೇ ಕಾರಣ ಗೋಚರಿಸುತ್ತದೆ. ಉಪಭೇದಗಳನ್ನು ಒಂದೇ ಶಿಷ್ಟರೂಪಕ್ಕೆ ಇಳಿಸಿ ಸಂಗ್ರಹಿಸುವ ಕ್ಷೇತ್ರಕಾರ್ಯದಲ್ಲಿ ಕಳೆದುಹೋಗುವುದು ಈ ಸಾಕ್ಷ್ಯವೇ.

ತರಗತಿಗಳಲ್ಲಿ ‘ಬೊಳ್ಳಿ’ಯನ್ನು ‘ಬೆಳ್ಳಿ’ಯ ಅಪಭ್ರಂಶವೆಂದು ತಿದ್ದುವ ರೂಢಿಗೆ ಆಧಾರವಿಲ್ಲ. ಎರಡೂ ಒಂದೇ ಮೂಲದ ಕವಲುಗಳು. ‘ಪೆಣ್ಣು’ವಿನ ಪಕಾರವನ್ನು ಹಕಾರವಾಗಿಸಿದ ಕನ್ನಡ ಸ್ವರವನ್ನು ಉಳಿಸಿಕೊಂಡಿತು, ಪಕಾರವನ್ನು ಉಳಿಸಿಕೊಂಡ ತುಳು ಸ್ವರವನ್ನು ಬದಲಿಸಿತು.