ಪಿಕ್‌ಅಪ್ ವಾಹನವನ್ನು ಎತ್ತರಿಸುವ ಮುನ್ನ

ಐರೋಲಿಯಿಂದ ತುರ್ಭೆ ಮಾರುಕಟ್ಟೆಯತ್ತ ಸರಕು ಸಾಗಿಸುವ ಪಿಕ್‌ಅಪ್ ವಾಹನಗಳ ಹಿಂಭಾಗವು ಖಾಲಿಯಿರುವಾಗ ಸಾಮಾನ್ಯವಾಗಿ ತುಸು ಎತ್ತರವಾಗಿರುತ್ತದೆ. ಇದು ದೋಷವಲ್ಲ; ಹೊರೆ ಬಿದ್ದಾಗ ಸ್ಪ್ರಿಂಗ್ ಪಟ್ಟಿಗಳು ಬಾಗಿ, ವಾಹನವು ಸಮತಲಕ್ಕೆ ಬರಲೆಂದು ಮಾಡಿದ ಏರ್ಪಾಡು.

ಹೆಚ್ಚು ಹೊರೆಯ ಆಸೆಯಿಂದ ಕೆಲವರು ಪಟ್ಟಿಗಳನ್ನು ಸೇರಿಸಿ ವಾಹನವನ್ನು ಎತ್ತರಿಸುವುದುಂಟು. ಇದರಿಂದ ಅಚ್ಚು, ಬ್ರೇಕು, ಟೈರುಗಳ ಸಾಮರ್ಥ್ಯವು ಹೆಚ್ಚುವುದಿಲ್ಲ. ಗುರುತ್ವ ಕೇಂದ್ರವು ಮೇಲೇರುವುದರಿಂದ ತಿರುವುಗಳಲ್ಲಿ ವಾಹನವು ಉರುಳುವ ಅಪಾಯ ಮಾತ್ರ ಹೆಚ್ಚುತ್ತದೆ.

ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೇ ಪ್ರಕರಣವು ನಿಷೇಧಿಸುತ್ತದೆ. 2019ರ ತಿದ್ದುಪಡಿಯು ಮಿತಿಮೀರಿದ ಹೊರೆಗೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ.

ಪಟ್ಟಿಗಳು ಸವೆದಿದ್ದರೆ, ಮೂಲ ಅಳತೆಯವನ್ನೇ ಎರಡೂ ಬದಿಗೆ ಹಾಕಿಸುವುದು ಯುಕ್ತ. ಹೊರೆ ಸಹಿತ ವಾಹನದ ಒಟ್ಟು ತೂಕಕ್ಕೆ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವೇ ಮಿತಿ.